ಮಣ್ಣಿಗೆ ಹೋದೆ, ನಗಲಿಲ್ಲ: ನನ್ನ ಅನುಭವ

ಹೋದ ತಿಂಗಳು ಕಾರಟಗಿ ಕಡೆಯ ಒಂದು ಹಳ್ಳಿಗೆ ಮಣ್ಣಿಗೆ ಹೋಗಿದ್ದೆ. ತೀರಿಕೊಂಡ ಹಿರಿಯರನ್ನು ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಮಲ್ಲಿಗೆ ಹಾರ. ಹೆಂಗಸರು ಹಾಡ್ಯಾಡಿಕೊಂಡು ಅಳುತ್ತಿದ್ದರು. ಭಜನೆಯವರ ತಾಳ ಒಂದೇ ಸಮನೆ ಬಡಿಯುತ್ತಿತ್ತು. ಮಗ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಅಪ್ಪ ಹೋಗಿಬಿಟ್ರು ಅಣ್ಣಾರ" ಅಂದ. ನಾನು ಅವನ ಮುಖ ನೋಡಿದೆ. ನಗಲಿಲ್ಲ.

ಇದರಲ್ಲೇನು ದೊಡ್ಡಸ್ತಿಕೆ ಅನ್ನುವವರಿಗಾಗಿ ನಾನು ಇದನ್ನು ಬರೆಯುತ್ತಿಲ್ಲ. ಗಾಬರಿಯಾದರೆ ನಗು ಬರುವವರಿಗೆ ಬರೆಯುತ್ತಿದ್ದೇನೆ. ಮೇಷ್ಟ್ರು ಹೊಡೆಯುವಾಗ ನಕ್ಕು ಎರಡೇಟು ಜಾಸ್ತಿ ತಿಂದವರಿಗೆ, ಹೆಣ್ಣು ನೋಡಲು ಹೋಗಿ ನಕ್ಕು ಬರಿಗೈಯಲ್ಲಿ ವಾಪಸ್ ಬಂದವರಿಗೆ. ಕೆನ್ನೆ ಒಳಗೆ ಕಚ್ಚಿಕೊಳ್ಳುವುದು, ತೊಡೆ ಚಿವುಟಿಕೊಳ್ಳುವುದು, ಸುಳ್ಳು ಕೆಮ್ಮು ಕೆಮ್ಮಿ ಎದ್ದು ಹೋಗುವುದು, ರಿಂಗ್ ಆಗದ ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ನಡೆಯುವುದು, ಇವೆಲ್ಲ ನಿಮಗೆ ಗೊತ್ತು. ಹತ್ತು ಸಲಕ್ಕೆ ಮೂರು ಸಲ ಕೆಲಸ ಮಾಡುತ್ತವೆ, ಅದೂ ಗೊತ್ತು. ಅವನ್ನು ಮತ್ತೆ ಹೇಳುವುದಿಲ್ಲ.

ನಮ್ಮದು ಗಂಗಾವತಿ. ಭತ್ತದ ದಲಾಲಿ ಅಂಗಡಿ. ನಾನೂ ನಮ್ಮ ಅಕ್ಕನ ಗಂಡ ಮಾಮಾನೂ ಪಾಲುದಾರರು. ಅಂಗಡಿಗೆ 22 ವರ್ಷ ಆಯಿತು. ಈ ಕಡೆ ರೈತ, ಆ ಕಡೆ ರೈಸ್ ಮಿಲ್ಲಿನ ಸಾವ್ಕಾರ, ನಡುವೆ ನಾವು. ನಡುವೆ ನಿಂತವನು ನಕ್ಕರೆ ಎರಡೂ ಕಡೆಯವರಿಗೆ ಅನುಮಾನ. ರೈತ ಅಂದುಕೊಳ್ಳುತ್ತಾನೆ, ಇವನು ಮಿಲ್ಲಿನವನ ಜೊತೆ ಸೇರಿ ನನ್ನ ಕುತ್ತಿಗೆ ಕೊಯ್ಯುತ್ತಿದ್ದಾನೆ ಅಂತ. ಸಾವ್ಕಾರ ಅಂದುಕೊಳ್ಳುತ್ತಾನೆ, ಇವನು ಇನ್ನೂ ಇಳಿಯುತ್ತಾನೆ ಅಂತ.

ಇಳಿದೂ ಇದ್ದೇನೆ. ಆರೇಳು ವರ್ಷದ ಹಿಂದಿನ ಮಾತು. ಸೋನಾ ಮಸೂರಿ, ಸುಮಾರು 800 ಚೀಲ. ರೈತನಿಗೆ ಮೊದಲೇ ರೇಟು ಮಾತು ಕೊಟ್ಟಿದ್ದೆ. ಅದೇ ನಾನು ಮಾಡಿದ ಮೊದಲ ತಪ್ಪು. ಮಿಲ್ಲಿನ ಆಫೀಸಿನಲ್ಲಿ ಸಾವ್ಕಾರ ಒಂದು ಹಿಡಿ ಭತ್ತ ಅಂಗೈಯಲ್ಲಿ ತಿಕ್ಕಿ, ಊದಿ, ಹಲ್ಲಿನಲ್ಲಿ ಒಂದು ಕಾಳು ಕಡಿದು, "ಹಸಿ ಅದ. ಚೀಲಕ್ಕ ಅರವತ್ತು ಕಮ್ಮಿ" ಅಂದ. 75 ಕೆಜಿ ಚೀಲಕ್ಕೆ 60 ರೂಪಾಯಿ. ನನ್ನ ಎದೆ ಧಸಕ್ ಅಂತು. ಬಾಯಿಂದ ಬಂದದ್ದು ಮಾತ್ರ ಹೆ ಹೆ ಹೆ. "ನೋಡ್ರಿ, ಒಪ್ಪಿಗಿ ಆತು" ಅಂತ ಗುಮಾಸ್ತನಿಗೆ ಬರೆಯಲು ಹೇಳಿಬಿಟ್ಟ. ಅಲ್ಲ ರೀ, ನಾ ಒಪ್ಪಿಲ್ಲ ಅನ್ನೋಣ ಅಂದರೆ ನಗು ಇನ್ನೂ ನಿಂತಿರಲಿಲ್ಲ. 800 ಚೀಲಕ್ಕೆ 48 ಸಾವಿರ, ನನ್ನ ಕೈಯಿಂದ. ಮೂರು ನಗುವಿಗೆ ಅಷ್ಟು ಕೊಟ್ಟವರು ನಮ್ಮ ಮಾರುಕಟ್ಟೆ ಯಾರ್ಡಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ದುಡ್ಡು ಹೋದರೆ ಮುಂದಿನ ಸುಗ್ಗಿಯಲ್ಲಿ ಬರುತ್ತದೆ. 2024ರ ಆಗಸ್ಟಿನಲ್ಲಿ ಆದದ್ದು ಹಾಗಲ್ಲ.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಟ್ಟಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಇರುವುದು 33 ಗೇಟು. ಡ್ಯಾಮು ತುಂಬಿ ನಿಂತಿತ್ತು. ಗೇಟು ಕೂರಿಸಬೇಕಾದರೆ ನೀರು ಇಳಿಸಬೇಕು, ನೀರು ಇಳಿಸಿದರೆ ನಾಟಿ ಮಾಡಿದ ಗದ್ದೆಗೆ ಏನು ಗತಿ? ಬೆಳಿಗ್ಗೆ ಏಳಕ್ಕೆಲ್ಲ ನಮ್ಮ ಅಂಗಡಿ ಕಟ್ಟೆಯ ಮೇಲೆ ಹದಿನೈದಿಪ್ಪತ್ತು ಜನ. ಯಾರೂ ಚಹಾ ಮುಟ್ಟಿರಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು, ಅದರಲ್ಲಿ ಬುಸುಗುಡುವ ನೀರು. ನಮ್ಮ ಅಂಗಡಿಗೆ ಶುರುವಿನಿಂದ ಮಾಲು ಹಾಕುತ್ತಿದ್ದ ಒಬ್ಬ ಗೌಡರಿದ್ದರು. ನನ್ನ ಕಡೆ ತಿರುಗಿ ಮೆಲ್ಲಗೆ "ಈ ಸಲ ನಮ್ಮ ಬಾಯಿಗೆ ಮಣ್ಣು ಬಿತ್ತಪ್ಪಾ" ಅಂದರು. ಎಲ್ಲರೂ ನನ್ನನ್ನೇ ನೋಡಿದರು. ನಕ್ಕೆ. ಸಣ್ಣ ನಗುವಲ್ಲ, ಭುಜ ಕುಲುಕುವ ನಗು.

ಗೌಡರು ಎದ್ದು ಧೋತರ ಝಾಡಿಸಿಕೊಂಡರು. "ನಗಪ್ಪಾ ನಗು. ನಿನಗೇನು, ಎರಡೂ ಕಡೆಯಿಂದ ಕಮಿಷನ್ ಬರ್ತದ" ಅಂದು ಹೋದರು. ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ಕೂರಿಸುವ ತಾತ್ಕಾಲಿಕ ಅಡ್ಡ ಹಲಗೆ, ಇಳಿಸಿ ನೀರು ನಿಲ್ಲಿಸಿದರು. ನೀರು ಉಳಿಯಿತು, ಆ ಬೆಳೆ ಕೈಗೆ ಬಂತು. ಗೌಡರ ಖಾತೆ ಮಾತ್ರ ಎದುರಿನ ಅಂಗಡಿಗೆ ಹೋಯಿತು. ವರ್ಷಕ್ಕೆ ಕಮ್ಮಿ ಅಂದರೂ 500 ಚೀಲದ ಖಾತೆ.

ಅದಕ್ಕೂ ಮೊದಲು ಕೈಕಟ್ಟಿ ಕೂತಿರಲಿಲ್ಲ. ಒಂದೊಂದಕ್ಕೂ ಎಷ್ಟು ಕೊಟ್ಟೆ ಅನ್ನುವುದು ನೆನಪಿದೆ, ದಲಾಲಿಯವನಿಗೆ ಮರೆವು ಕಮ್ಮಿ. ತಾಯತಕ್ಕೆ 1,100. ಹೊಸಪೇಟೆಯಲ್ಲಿ ಒಂದು ವ್ಯಕ್ತಿತ್ವ ವಿಕಸನದ ಕ್ಲಾಸು, 8,500, ಐದು ಭಾನುವಾರ. ಅಲ್ಲಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಸದಾ ನಗುತ್ತಿರಿ' ಅಂತ ಬರೆದಿದ್ದರು. ಆವತ್ತೇ ಎದ್ದು ಬರಬೇಕಿತ್ತು. ಕೊನೆಯ ದಿನ ಎಲ್ಲರಿಗೂ ಒಂದೊಂದು ಬಿರುದು ಕೊಟ್ಟರು, ನನಗೆ ಸಿಕ್ಕಿದ್ದು ನಗುಮುಖದ ಪ್ರಶಸ್ತಿ. ಫ್ರೇಮು ಹಾಕಿಸಿಕೊಟ್ಟಿದ್ದಾರೆ, ಮನೆಯಲ್ಲಿ ಅಟ್ಟದ ಮೇಲಿದೆ. ಆಮೇಲೆ ಬಳ್ಳಾರಿಯಲ್ಲಿ ಒಬ್ಬರು ಹಿಪ್ನಾಟಿಸಂ ಮಾಡುತ್ತಾರೆ ಅಂತ ಹೋದೆ. ಒಂದು ಸಲಕ್ಕೆ 1,500, ಮೂರು ಸಲ. ಕಣ್ಣು ಮುಚ್ಚಿಸಿ, ದಪ್ಪ ದನಿಯಲ್ಲಿ, "ನೀವು ಈಗ ಬಹಳ ಶಾಂತವಾಗಿದ್ದೀರಿ" ಅನ್ನುತ್ತಿದ್ದರು. ಮೂರೂ ಸಲ ಅದೇ ಮಾತಿಗೆ ನಕ್ಕೆ. ಮೂರನೇ ಸಲ ಅವರೂ ನಕ್ಕರು. ದುಡ್ಡು ಮಾತ್ರ ವಾಪಸ್ ಕೊಡಲಿಲ್ಲ. ಬಸ್ಸು, ಊಟ, ಡಾಕ್ಟರ್ ಫೀಸು ಎಲ್ಲ ಸೇರಿ 17 ಸಾವಿರದ ಹತ್ತಿರ ಹೋಯಿತು.

ಅದರಲ್ಲಿ ಬಳ್ಳಾರಿಯ ಡಾಕ್ಟರಿಗೆ ಕೊಟ್ಟ 500 ಒಂದೇ ದಂಡವಾಗದ ದುಡ್ಡು. ಅವರಲ್ಲಿಗೆ ಹೋದದ್ದೂ ಒಂದು ಕಿತಾಪತಿಯಿಂದ. ಗೆಳೆಯನೊಬ್ಬ ಸ್ಟೇಜ್ ಹತ್ತುವ ಮೊದಲು ಎದೆ ಬಡಿತ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಪ್ರೊಪ್ರನೊಲಾಲ್ ಅಂತ ಹೆಸರು. ಅವನ ಚೀಟಿಯ ಮಾತ್ರೆ ನಾನು ನುಂಗಿದೆ. ಒಂದು ಗಂಟೆಯಲ್ಲಿ ತಲೆ ತಿರುಗಿ, ಎದೆ ಹಿಡಿದುಕೊಂಡ ಹಾಗಾಗಿ ಕೂತುಬಿಟ್ಟೆ. ಡಾಕ್ಟರು "ಚಿಕ್ಕವನಿದ್ದಾಗ ದಮ್ಮು ಇತ್ತಾ?" ಅಂತ ಕೇಳಿದರು. ಇತ್ತು. ಬೈದರು. ದಮ್ಮು, ಅಂದರೆ ಅಸ್ತಮಾ ಇದ್ದವರು ಆ ಮಾತ್ರೆ ಮುಟ್ಟಬಾರದಂತೆ, ಉಸಿರಿನ ನಳಿಕೆ ಬಿಗಿಯುತ್ತದೆ. ನೀವೂ ಯಾರದೋ ಜೇಬಿನಿಂದ ತೆಗೆದು ನುಂಗಬೇಡಿ.

ಮತ್ತೊಂದು ವಿಷಯ ಕೇಳಿ ತಿಳಿದುಕೊಂಡರು. ನಗು ಬಂದಾಗ ಒಳಗೆ ಗಾಬರಿ ಇರುತ್ತದಾ, ಏನೂ ಇಲ್ಲದೆ ಸುಮ್ನೆ ಬರುತ್ತದಾ? ಪಾರ್ಶ್ವವಾಯು ಆದವರಿಗೆ, ಮೆದುಳಿಗೆ ಪೆಟ್ಟಾದವರಿಗೆ ಕೆಲವರಿಗೆ ಕಾರಣವೇ ಇಲ್ಲದೆ ನಗುವೋ ಅಳುವೋ ಒತ್ತರಿಸಿಕೊಂಡು ಬರುತ್ತದೆ. ಅದು ಬೇರೆ ಕಾಯಿಲೆ, ಅದಕ್ಕೆ ಔಷಧಿ ಬೇರೆ. ನಿಮ್ಮದು ಅದಲ್ಲ, ಗಾಬರಿಯದು ಅಂದರು. ನಿಮಗೆ ಈ ನಗು ಇತ್ತೀಚೆಗೆ ಒಮ್ಮೆಲೇ ಶುರುವಾಗಿದ್ದರೆ ನನ್ನ ಬರಹ ಬಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ನನ್ನದು ಎರಡನೇ ಕ್ಲಾಸಿನಿಂದ ಇದೆ.

ಅವರೇ ಇನ್ನೊಂದು ಕಥೆ ಹೇಳಿದರು. 1960ರ ದಶಕದ ಶುರುವಿನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮಿಲ್‌ಗ್ರಾಮ್ ಅನ್ನುವವರು ಒಂದು ಪ್ರಯೋಗ ಮಾಡಿದರಂತೆ. ಪಕ್ಕದ ಕೋಣೆಯಲ್ಲಿದ್ದವನು ತಪ್ಪು ಉತ್ತರ ಕೊಟ್ಟರೆ ಸ್ವಿಚ್ ಒತ್ತಿ ಕರೆಂಟ್ ಹೊಡೆಸಬೇಕು. ಕರೆಂಟು ಸುಳ್ಳು, ಒತ್ತುವವನಿಗೆ ಅದು ಗೊತ್ತಿಲ್ಲ. 40 ಜನರಲ್ಲಿ 14 ಜನ ಒತ್ತುತ್ತಾ ಒತ್ತುತ್ತಾ ನಕ್ಕರಂತೆ. ಖುಷಿಗಲ್ಲ, ಸಂಕಟಕ್ಕೆ. ಆವತ್ತು ಬಳ್ಳಾರಿಯಿಂದ ಬಸ್ಸಿನಲ್ಲಿ ಬರುವಾಗ ಎಷ್ಟೋ ವರ್ಷದ ಮೇಲೆ ಕಿಟಕಿ ಪಕ್ಕ ನೆಮ್ಮದಿಯಾಗಿ ಕೂತೆ. ಅಷ್ಟು ದೂರದಲ್ಲೂ ನಮ್ಮವರು 14 ಜನ ಇದ್ದಾರಲ್ಲ!

ಆದರೆ ನೆಮ್ಮದಿಯಿಂದ ನಗು ನಿಲ್ಲುವುದಿಲ್ಲ.

ದಾರಿ ಸಿಕ್ಕಿದ್ದು ಅಂಜನಾದ್ರಿಯ ಮೆಟ್ಟಿಲ ಮೇಲೆ. 575 ಮೆಟ್ಟಿಲು. ನಾನು ಶನಿವಾರ ಹೋಗುತ್ತೇನೆ, ಹೊಟ್ಟೆ ಇಳಿಯಲಿ ಅಂತ. ಭಕ್ತಿಯೂ ಇದೆ ಅನ್ನಿ. ಮುನ್ನೂರು ಚಿಲ್ಲರೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದೆ, ಮಾಮಾನ ಫೋನು. "ಲಾರಿ ಪಲ್ಟಿ ಆಗ್ಯದ. ಡ್ರೈವರಗ ಏನೂ ಆಗಿಲ್ಲ. ನೆಲ್ಲು ಎಲ್ಲಾ ರೋಡಿಗೆ." ಇಂಥ ಸುದ್ದಿಗೆ ನಾನು ನಗದೆ ಇದ್ದದ್ದು ಹುಟ್ಟಿದಾಗಿನಿಂದ ಇಲ್ಲ. ನಗು ಬಂತು ಕೂಡ. ಬಾಯಿ ತೆರೆಯಿತು, ಕೆನ್ನೆ ಎದ್ದಿತು. ಸದ್ದು ಬರಲಿಲ್ಲ. ನಗಲು ಒಳಗೆ ಗಾಳಿಯೇ ಇರಲಿಲ್ಲ. ಹುಸ್ ಅಂತ ಒಂದು ಉಸಿರು ಹೋಗಿ ಮುಗಿಯಿತು. ಆಮೇಲೆ ನೆಟ್ಟಗೆ "ಎಲ್ಲಿ ಆತು? ತಾಡಪತ್ರಿ ಹಾಕಿಸು" ಅಂದೆ.

ಕೆಳಗಿಳಿದ ಮೇಲೆ ಮಾಮಾನನ್ನು ಕೇಳಿದೆ, "ನಾ ನಗಲಿಲ್ಲ, ನೋಡಿದಿಯಿಲ್ಲೋ?" ಅವನು "ನೆಟ್‌ವರ್ಕ್ ಸರಿ ಇರಲಿಲ್ಲ ಬಿಡು" ಅಂದ.

ಆ ಕ್ಷಣದಲ್ಲಿ ಏನಾಯಿತು ಅನ್ನುವುದನ್ನು ಬಿಡದೆ ಹಿಡಿದುಕೊಂಡೆ. ನಗು ಅಂದರೆ ಉಸಿರನ್ನು ತುಂಡು ತುಂಡು ಮಾಡಿ ಹೊರಗೆ ಎಸೆಯುವುದು. ಹ, ಹ, ಹ. ಹೊರಗೆ ಎಸೆಯಲು ಒಳಗೆ ಇರಬೇಕಲ್ವಾ? ನಾವೆಲ್ಲ ಮಾಡುತ್ತಿದ್ದ ತಪ್ಪು ಇಲ್ಲಿದೆ. ನಗು ಬರುತ್ತದೆ ಅನ್ನಿಸಿದ ಕೂಡಲೇ ಉಸಿರು ಎಳೆದು ಬಿಗಿ ಹಿಡಿಯುತ್ತೇವೆ. ಕುಕ್ಕರಿನಲ್ಲಿ ಹಬೆ ತುಂಬಿ ಸೀಟಿ ಹಿಡಿದು ಕೂತ ಹಾಗೆ. ಎಷ್ಟು ಹೊತ್ತು ಹಿಡಿಯುತ್ತೀರಿ? ಬಿಟ್ಟಾಗ ಎರಡರಷ್ಟು ಬರುತ್ತದೆ. ಮೂಗಿನಿಂದ ಬೇರೆ ಬರುತ್ತದೆ.

ನಾನು ಉಲ್ಟಾ ಮಾಡಿದೆ. ಖಾಲಿ ಮಾಡುವುದು. ಮೂಗಿನಿಂದ ನಿಧಾನಕ್ಕೆ, ಏಳು ಎಣಿಸುವಷ್ಟು ಹೊತ್ತು, ಹೊಟ್ಟೆ ಬೆನ್ನಿಗೆ ಹತ್ತುವ ತನಕ ಬಿಡುವುದು. ಎದುರಿನವನಿಗೆ ಕೇಳಬಾರದು. ಆಮೇಲೆ ಒಂದು ಗುಟುಕು ಗಾಳಿ, ಮಾತಾಡಲು ಎಷ್ಟು ಬೇಕೋ ಅಷ್ಟೇ. ಮತ್ತೆ ಬಿಡುವುದು. ಹಲ್ಲು ಕಚ್ಚಬಾರದು. ದವಡೆ ಸಡಿಲ ಬಿಟ್ಟು ನಾಲಿಗೆ ಕೆಳಗೆ ಇಟ್ಟುಕೊಂಡರೆ ಕೆನ್ನೆ ಮೇಲೆ ಏಳುವುದಿಲ್ಲ. ಭಾರ ಹಿಮ್ಮಡಿ ಮೇಲೆ. ಮುಂಗಾಲ ಮೇಲೆ ನಿಂತವನು ಓಡಲು ನಿಂತವನು, ಅವನಿಗೆ ನಗು ಬಂದೇ ಬರುತ್ತದೆ.

ಹೇಳಲು ಇಷ್ಟೇ. ಕೈಗೆ ಹತ್ತಲು ನನಗೆ ನಾಲ್ಕೈದು ತಿಂಗಳು ಬೇಕಾಯಿತು. ಮೊದಲ ವಾರ ಉತ್ಸಾಹದಲ್ಲಿ ಒಂದೇ ಸಮನೆ ಇಪ್ಪತ್ತು ಸಲ ಮಾಡಿ, ಬೆರಳೆಲ್ಲ ಜುಮು ಜುಮು ಅಂದು, ಭತ್ತದ ಚೀಲದ ಮೇಲೆ ಕೂತುಬಿಟ್ಟಿದ್ದೆ. ಎರಡು ಮೂರು ಸಲ ಸಾಕು. ಅದಕ್ಕಿಂತ ಜಾಸ್ತಿ ಬೇಕಾದರೆ ಅಲ್ಲಿಂದ ಎದ್ದು ಬನ್ನಿ. ಮತ್ತೊಂದು ದಡ್ಡತನ. ಮೆಟ್ಟಿಲು ಹತ್ತಿದ್ದಕ್ಕೇ ನಗು ನಿಂತಿತಲ್ಲ, ಹಾಗಾದರೆ ಮಿಲ್ಲಿಗೆ ಹೋಗುವ ಮೊದಲು ಓಡಿಕೊಂಡು ಹೋಗೋಣ ಅಂತ ಒಂದು ಸಲ ಯಾರ್ಡನ್ನು ಎರಡು ಸುತ್ತು ಓಡಿದೆ. ಮೇ ತಿಂಗಳು, ಗಂಗಾವತಿ ಬಿಸಿಲು. ಸಾವ್ಕಾರ ನನ್ನ ಮುಖ ನೋಡಿ ಗಾಬರಿಯಾಗಿ ಫ್ಯಾನು ಹಾಕಿಸಿ ಮಜ್ಜಿಗೆ ತರಿಸಿದ. ವ್ಯಾಪಾರ ಮಾತಾಡಲೇ ಇಲ್ಲ.

ಇಲ್ಲಿ ಬಯಲಾಟದ ವಿಷಯ ಹೇಳಬೇಕು. ಇದಕ್ಕೆ ನೇರ ಸಂಬಂಧ ಇಲ್ಲ, ಆದರೂ ಕೇಳಿ. ಕಂಪ್ಲಿ ಕಡೆ ನಮ್ಮ ಪರಿಚಯದ ಒಬ್ಬ ಮಾಸ್ತರು ಬಯಲಾಟ ಕಲಿಸುತ್ತಾರೆ. ತಾಲೀಮು ನೋಡಲು ಹೋಗಿದ್ದೆ. ರಾಕ್ಷಸನ ಪಾತ್ರದ ಹುಡುಗನಿಗೆ ನಗು ಬರುತ್ತಿರಲಿಲ್ಲ. ನನಗೆ ಎಂಥ ಹೊಟ್ಟೆಕಿಚ್ಚು ನೋಡಿ! ಮಾಸ್ತರು ಅವನಿಗೆ "ಮೊದಲ ಉಸುರು ತುಂಬ್ಕೋಳೋ, ಹೊಟ್ಟಿ ತುಂಬ ತುಂಬ್ಕೊಂಡು ನಗು" ಅಂತ ಬೈಯುತ್ತಿದ್ದರು. ನನ್ನ ಲೆಕ್ಕ ಸರಿ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ನಗಿಸುವ ಗುರುವಿನ ಪಾಠವನ್ನು ತಿರುವಿ ಹಾಕಿದರೆ ನನ್ನ ಪಾಠ.

"ನಾ ಒಂದ್ಸಲ ನಗ್ತೀನ್ರಿ ಮಾಸ್ತರ" ಅಂತ ಎದ್ದು ನಿಂತೆ. ನಲವತ್ತು ಜನ ನೋಡುತ್ತಿದ್ದರು. ಬೇಡ ಬೇಡ ಅಂದರೂ ಬರುತ್ತಿದ್ದ ನಗು, ಬಾ ಅಂದಾಗ ಬರಲಿಲ್ಲ. ಬಂದದ್ದು ಆಡು ಕೆಮ್ಮಿದ ಹಾಗೆ. ಆಮೇಲೆ ಎರಡು ವಾರ ಅಂಗಡಿಯ ಗೋಡೌನಿನಲ್ಲಿ ರಾಕ್ಷಸನ ನಗು ಸಾಧನೆ ಮಾಡಿದೆ. ಹಮಾಲರು ಹೊರಗೆ ನಿಂತು ಕೇಳಿ, "ಸಾವ್ಕಾರ್ರಿಗೆ ಏನೋ ಮೆಟ್ಟ್ಯದ" ಅಂತ ಮಾತಾಡಿಕೊಂಡರಂತೆ. ಆದರೆ ಲಾಭವಾಯಿತು. ಬೇಕೆಂದೇ ನಗುವಾಗ ಅದು ಎಲ್ಲಿ ಹುಟ್ಟುತ್ತದೆ ಅನ್ನುವುದು ಗೊತ್ತಾಯಿತು. ನನಗೆ ಪಕ್ಕೆಲುಬಿನ ಕೆಳಗೆ ಒಂದು ಮಿಡಿತ. ಬಾಯಿಗೆ ಬರುವ ಎರಡು ಸೆಕೆಂಡು ಮೊದಲು ಅಲ್ಲಿ ಮಿಡಿಯುತ್ತದೆ. ಆ ಎರಡು ಸೆಕೆಂಡಿನಲ್ಲಿ ಉಸಿರು ಬಿಡಲು ಶುರು ಮಾಡಿದರೆ ಗೆದ್ದಿರಿ. ಬಾಯಿಗೆ ಬಂದ ಮೇಲೆ ದೇವರೇ ಗತಿ.

ಇನ್ನೊಂದು ಕೆಲಸ ಮಾಡಿದೆ. ಖಾತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ನಗುವಿನ ಲೆಕ್ಕ ಬರೆದೆ. ಜಮಾ ಇಲ್ಲ, ಬರೀ ಖರ್ಚು. ಎಲ್ಲಿ, ಯಾರ ಮುಂದೆ, ಯಾವ ಮಾತಿಗೆ. ಸುಮಾರು 40 ದಿನದಲ್ಲಿ 65, 70 ಸಲ. ಒಬ್ಬನೇ ಇದ್ದಾಗ ಒಂದೂ ಇಲ್ಲ. ಕೆಟ್ಟ ಸುದ್ದಿಗೇ ಬರುತ್ತದೆ ಅಂತ ಅಂದುಕೊಂಡಿದ್ದೆ, ಅದೂ ಸುಳ್ಳು. ಮುಕ್ಕಾಲು ಪಾಲು ಬಂದದ್ದು ಎದುರಿನವರು ಮಾತು ಮುಗಿಸಿ, ಸುಮ್ಮನಾಗಿ, ನನ್ನ ಮುಖ ನೋಡಿದಾಗ. ಈಗ ನಾನು ಏನೋ ಹೇಳಬೇಕು, ಏನು ಹೇಳಲಿ ಅನ್ನುವ ಆ ಖಾಲಿ ಜಾಗದಲ್ಲಿ. ಗೌಡರ ಮಾತಿಗೂ ಹಾಗೇ ಆಗಿತ್ತು. ಡ್ಯಾಮಿನ ಸುದ್ದಿ ರಾತ್ರಿಯೇ ಕೇಳಿದ್ದೆ, ಆಗ ನಕ್ಕಿರಲಿಲ್ಲ. ಇಪ್ಪತ್ತು ಜನ ತಿರುಗಿ ನೋಡಿದಾಗ ನಕ್ಕೆ.

ಖಾಲಿ ಜಾಗಕ್ಕೆ ಹಾಕಲು ಒಂದು ಮಾತು ಸಿದ್ಧ ಇಟ್ಟುಕೊಂಡೆ. "ಹೌದ್ರಿ... ಹೇಳ್ರಿ." ದನಿ ತಗ್ಗಿಸಿ, ನಡುವೆ ಉಸಿರು ಬಿಡುತ್ತಾ. ಸಾವಿನ ಮನೆಗೂ ಆಗುತ್ತದೆ, ಸಾಲದ ಮಾತಿಗೂ ಆಗುತ್ತದೆ. ಎದುರಿನವರು ಮತ್ತೆ ಮಾತಾಡಲು ಶುರು ಮಾಡುತ್ತಾರೆ, ನಿಮ್ಮ ಕೆಲಸ ಮುಗಿಯಿತು. 'ಅಯ್ಯೋ' ಅನ್ನಬೇಡಿ. ಯೋ ಅನ್ನುವಷ್ಟರಲ್ಲಿ ಬಾಯಿ ತೆರೆದಿರುತ್ತದೆ, ಅದರ ಹಿಂದೆಯೇ ನಗು ಹೊರಬೀಳುತ್ತದೆ. ನಾನು ಇದಕ್ಕೆ ಮೂರು ಸಲ ಸಿಕ್ಕಿಬಿದ್ದಿದ್ದೇನೆ.

ಆ ಹೊತ್ತಿನಲ್ಲಿ ಕಣ್ಣು ಎಲ್ಲಿಡಬೇಕು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಸಾವಿನ ಮನೆಗೆ ಬೇಕಾದರೆ ಎದುರಿನವರ ಹುಬ್ಬು ನೋಡಿ, ಸಾಕು. ವ್ಯಾಪಾರದ ಮಾತಿನಲ್ಲಿ ನಾನು ನೋಡುವ ಜಾಗ ಬೇರೆ. ಈ ಬರಹ ಮಿಲ್ಲಿನವರೂ ಓದುತ್ತಾರೆ. ಬಲಗೈ ಹೆಬ್ಬೆರಳಿನದೂ ಒಂದು ಉಪಾಯ ಇದೆ, ಅದೂ ನನ್ನ ಹತ್ತಿರವೇ ಇರಲಿ. ನಮ್ಮ ಮಗನಿಗೆ ಹೇಳಿಕೊಡುತ್ತೇನೆ. ಪಾಪ, ಅವನಿಗೂ ಶುರುವಾಗಿದೆ.

ಸಾಧನೆಯನ್ನು ಮೇಲಿನ ಮೆಟ್ಟಿಲಿನಿಂದ ಶುರು ಮಾಡಬೇಡಿ. ನಾನು ಹಾಗೆ ಮಾಡಿ ಕೆಟ್ಟೆ. ಉಸಿರಿನ ಗುಟ್ಟು ಸಿಕ್ಕ ಹತ್ತೇ ದಿನಕ್ಕೆ ಸಿಂಧನೂರಿಗೆ ಒಂದು ಮಣ್ಣಿಗೆ ಹೋದೆ, ಗೆದ್ದುಬಿಟ್ಟೆ ಅನ್ನುವ ಜಂಬದಲ್ಲಿ. ಒಳಗೆ ಕಾಲಿಡುವಾಗಲೇ ಕೈಕೊಟ್ಟಿತು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೆ. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆ ಅಂತ ತಿಳಿದು ಒಬ್ಬ ಅಜ್ಜಿ ಬಂದು ಬೆನ್ನು ಸವರಿ, ನೀರು ಕೊಟ್ಟು, "ಎಷ್ಟು ಹಚ್ಚಿಕೊಂಡಿದ್ದ ನೋಡ್ರೆವ್ವಾ" ಅಂದಳು. ಸತ್ತವರನ್ನು ನಾನು ಎರಡೇ ಸಲ ನೋಡಿದ್ದು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ. ಟವೆಲ್ಲಿನ ಉಪಾಯ ನಿಮ್ಮಲ್ಲಿ ಹಲವರು ಮಾಡುತ್ತೀರಿ, ಗೊತ್ತು. ಬಿಟ್ಟುಬಿಡಿ.

ಆಮೇಲೆ ಕೆಳಗಿನಿಂದ ಬಂದೆ. ಮೊದಲು ಚಹಾದಂಗಡಿ. ಚಿಲ್ಲರೆ 5 ರೂಪಾಯಿ ವಾಪಸ್ ಕೇಳುವುದು. ನಮ್ಮಂಥವರಿಗೆ ಅದಕ್ಕೂ ನಗು ಬರುತ್ತದೆ, ಬೇರೆಯವರಿಗೆ ಇದು ಅರ್ಥವಾಗುವುದಿಲ್ಲ. ದಿನಕ್ಕೆ ಒಂದು ಸಲ, ಎರಡು ವಾರ. ಆಮೇಲೆ ಬಸ್ಸಿನಲ್ಲಿ ನನ್ನ ಸೀಟಿನಲ್ಲಿ ಕೂತವರನ್ನು ಏಳಿಸುವುದು. ಆಮೇಲೆ ಉದ್ರಿ ಬಾಕಿ ಕೇಳುವುದು. ಇದು ಕಷ್ಟ. ಮೂರು ವರ್ಷದಿಂದ ಬಾಕಿ ಇಟ್ಟವನ ಮುಂದೆ ನಾನು ನಕ್ಕು ನಕ್ಕು ಕೇಳುತ್ತಿದ್ದೆ, ಅವನೂ ನಕ್ಕು ನಕ್ಕು ಮುಂದಿನ ಸುಗ್ಗಿಗೆ ಅನ್ನುತ್ತಿದ್ದ. ಈ ಸಲ ಉಸಿರು ಬಿಟ್ಟು, ದವಡೆ ಸಡಿಲ ಮಾಡಿ, "ರೊಕ್ಕ ಬೇಕಾಗಿತ್ರಿ" ಅಂದು ಸುಮ್ಮನೆ ನಿಂತೆ. ಅವನೇ ಎರಡು ಸಲ ನಕ್ಕ, ಆಮೇಲೆ ನಿಲ್ಲಿಸಿದ. ಎರಡು ಕಂತಿನಲ್ಲಿ ಕೊಟ್ಟ. ಆ ಒಂದು ವರ್ಷದಲ್ಲಿ ಹೀಗೆ ವಸೂಲಾದ ಹಳೆ ಬಾಕಿ ಒಂದೂಕಾಲು ಲಕ್ಷಕ್ಕೆ ಕಮ್ಮಿ ಇಲ್ಲ. ಕ್ಲಾಸಿನವರೂ ಹಿಪ್ನಾಟಿಸಂನವರೂ ಬೇಕಾದರೆ ಬಂದು ಪುಸ್ತಕ ನೋಡಬಹುದು.

ಆಸ್ಪತ್ರೆಗೆ ರೋಗಿ ನೋಡಲು ಹೋಗುವುದು ಅದಕ್ಕಿಂತ ಮೇಲಿನ ಮೆಟ್ಟಿಲು. ಅಲ್ಲಿ ನಾಲ್ಕು ಸಲದಲ್ಲಿ ಒಂದು ಸಲ ಸೋತೆ. ಕಾಲು ಮುರಿದುಕೊಂಡ ನಮ್ಮ ಚಿಕ್ಕಪ್ಪನ ಮುಂದೆ. ಅವರು ಎತ್ತು ಹಾಯ್ದ ಕಥೆಯನ್ನು ನಟನೆ ಮಾಡಿ ಹೇಳಿದರೆ ನೀವೂ ನಗುತ್ತಿದ್ದಿರಿ, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಉಸಿರಿನಷ್ಟೇ ಕೆಲಸ ಮಾಡಿದ್ದು ನನ್ನ ಹೆಂಡತಿ ಹೇಳಿದ ಮಾತು. ಆರು ವರ್ಷದಿಂದ ಹೇಳುತ್ತಿದ್ದಳು, "ನೋಡ್ರಿ, ಹಿಂಗ ಆಗ್ತದ ಅಂತ ಮೊದಲೇ ಹೇಳಿಬಿಡ್ರಿ. ಗೊತ್ತಿದ್ದವರು ಯಾರು ಬ್ಯಾಸರ ಮಾಡ್ಕೋತಾರ?" ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಗಂಡಸು, ವ್ಯಾಪಾರಸ್ಥ, ನನಗೆ ಗಾಬರಿಯಾಗುತ್ತದೆ ಅಂತ ಊರಿಗೆ ಸಾರಲೇ? ಸಿಂಧನೂರಿನ ಟವೆಲ್ಲಿನ ಪ್ರಸಂಗದ ಮೇಲೆ ಹಟ ಬಿಟ್ಟೆ. ಮೊದಲು ಹೇಳಿದ್ದು ಬಾಕಿ ಕೊಡದೆ ಕಾಡಿಸುತ್ತಿದ್ದ ಒಬ್ಬ ಮಿಲ್ಲಿನ ಸಾವ್ಕಾರನಿಗೆ. "ನನಗ ಗಾಬರಿ ಆದ್ರ ನಗು ಬರ್ತದ್ರಿ. ನಕ್ಕೆ ಅಂದ್ರ ಒಪ್ಪಿದೆ ಅಂತ ತಿಳ್ಕೋಬ್ಯಾಡ್ರಿ" ಅಂದೆ. ಅವನು ಸ್ವಲ್ಪ ಹೊತ್ತು ನೋಡಿ, "ನನಗ ಬೆವರು ಬರ್ತದಪಾ" ಅಂದ. ಇಷ್ಟು ವರ್ಷ ಎದುರು ಬದುರು ಕೂತವರು! ಅವನ ಕರ್ಚೀಫಿಗೆ ಕಾರಣ ಬಿಸಿಲು ಅಂತಲೇ ತಿಳಿದಿದ್ದೆ. ವಿಚಿತ್ರ ಅಂದರೆ ಹೀಗೆ ಹೇಳಿದ ಮೇಲೆ ಅವರ ಮುಂದೆ ನಗು ಬರುವುದೇ ಕಮ್ಮಿಯಾಗುತ್ತದೆ. ನಕ್ಕುಬಿಟ್ಟರೆ ಏನು ಗತಿ ಅನ್ನುವ ಭಯವೇ ಅರ್ಧ ನಗುವನ್ನು ಹುಟ್ಟಿಸುತ್ತಿತ್ತು. ಇದಕ್ಕೆ ಖರ್ಚು ಸೊನ್ನೆ. ಆದರೆ ಸಾವಿನ ಮನೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೀಗೆ ಹೇಳಲು ಆಗುವುದಿಲ್ಲ, ಅಲ್ಲಿ ಉಸಿರೇ ಬೇಕು.

ಮಾಮಾ ಕೊನೆಯ ತನಕ ನಂಬಲಿಲ್ಲ. "ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ" ಅಂತ ಹೇಳಿದ್ದನ್ನೇ ಹೇಳುತ್ತಿದ್ದ. ಕಾರಟಗಿ ಕಡೆಯ ಆ ಮಣ್ಣಿಗೆ ಅವನೂ ಬಂದಿದ್ದ, ನನ್ನ ಪಕ್ಕದಲ್ಲೇ ನಿಂತಿದ್ದ. ಮೊದಲೇ ಹೇಳಿಟ್ಟಿದ್ದ, ನಗು ಬಂದರೆ ನನ್ನ ಹಿಂದೆ ಸರಿ ಅಂತ. ಆ ಹುಡುಗ ಕೈ ಹಿಡಿದಾಗ ಪಕ್ಕೆಯಲ್ಲಿ ಮಿಡಿಯಿತು. ಬಿಟ್ಟೆ. ಏಳು ಎಣಿಸಿದೆ, ಹಿಮ್ಮಡಿ ಊರಿದೆ. "ಹೌದಪ್ಪಾ... ಹೇಳು" ಅಂದೆ. ಹುಡುಗ ಹೇಳಿದ. ರಾತ್ರಿ ಊಟ ಮಾಡಿದ್ದರಂತೆ, ಎರಡು ರೊಟ್ಟಿ ತಿಂದಿದ್ದರಂತೆ, ಬೆಳಿಗ್ಗೆ ಎಬ್ಬಿಸಲು ಹೋದರೆ ಇರಲಿಲ್ಲವಂತೆ. ಐದು ನಿಮಿಷ ಹೇಳಿದ. ಒಬ್ಬರ ದುಃಖವನ್ನು ನಾನು ಪೂರ್ತಿ ಕೇಳಿದ್ದು ಅದೇ ಮೊದಲು. ಅಲ್ಲಿಯ ತನಕ ನನ್ನ ನಗುವನ್ನು ಕಾಯುವುದರಲ್ಲೇ ನನಗೆ ಹೊತ್ತು ಹೋಗುತ್ತಿತ್ತು.

ಗೌಡರೂ ಅಲ್ಲಿದ್ದರು. ದೂರದಿಂದ ನೋಡುತ್ತಿದ್ದರು. ವಾಪಸ್ ಬರುವಾಗ ನಮ್ಮ ಕಾರಿನ ಹತ್ತಿರ ಬಂದು, "ಗಂಗಾವತಿ ತನ ಬಿಡ್ತೀಯೇನು?" ಅಂದರು. ದಾರಿಯುದ್ದಕ್ಕೂ ಭತ್ತದ ಮಾತಾಡಲಿಲ್ಲ, ಖಾತೆಯ ಮಾತಂತೂ ಇಲ್ಲವೇ ಇಲ್ಲ. ಇಳಿಯುವಾಗ ಅವರ ಮನೆಯ ಎಮ್ಮೆ ಕರು ಹಾಕಿದ್ದನ್ನು ಹೇಳಿದರು. ಮಾಲು ಇನ್ನೂ ಎದುರಿನ ಅಂಗಡಿಗೇ ಹೋಗುತ್ತಿದೆ. ಮಾಮಾ ಕಾರಿನಲ್ಲಿ ಏನೂ ಹೇಳಲಿಲ್ಲ. ಮರುದಿನ ನಮ್ಮ ಗುಮಾಸ್ತನಿಗೆ ಹೇಳಿದನಂತೆ, "ನಾನೇ ಕಲಿಸಿದ್ದು" ಅಂತ.

ಇನ್ನೂ ಕೆಲವು ಕಡೆ ಕೈ ಸಾಗಿಲ್ಲ. ಮೈಕು ಹಿಡಿದರೆ ಬರುತ್ತದೆ. ಮದುವೆಯಲ್ಲಿ ಫೋಟೋದವನು 'ನಗಬೇಡಿ, ಗಂಭೀರವಾಗಿ' ಅಂದರೆ ಬರುತ್ತದೆ. ಖಾಕಿ ಕಂಡರಂತೂ ಉಸಿರು ಬಿಡುವುದೇ ಮರೆತು ಹೋಗುತ್ತದೆ. ಮೊನ್ನೆ ಸ್ಕೂಟರಿನಲ್ಲಿ ಹೋಗುವಾಗ ಹಿಡಿದರು. ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ, ಹ್ಯಾಂಡಲಿಗೆ ನೇತುಹಾಕಿದ್ದೆ. "ಇದೇನು ತಲಿಗಾ, ಗಾಡಿಗಾ?" ಅಂತ ಕೇಳಿದರು. ಪಕ್ಕೆಯಲ್ಲಿ ಮಿಡಿದದ್ದು ಗೊತ್ತಾಯಿತು. ಬಿಡಲು ಶುರು ಮಾಡಿದೆ, ಮೂರು ಎಣಿಸುವಷ್ಟರಲ್ಲಿ ನಕ್ಕುಬಿಟ್ಟೆ. 500 ರೂಪಾಯಿ. ಖಾತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.